ಸರೀರಿ!

ಎಂಬತ್ತರ ದಶಕದ ಮಾತು. ಕಲ್ಯಾಣದಲ್ಲಿ ಲೋಕಲ್ ರೈಲು ಹತ್ತಿ, ಮೂವರ ಬೆಂಚಿನ ತುದಿಯಲ್ಲಿ ಆರಾಮಾಗಿ ಕೂತು, ಪಕ್ಕದ ಗೆಳೆಯನಿಗೆ ಭಾಷಣ ಬಿಗಿಯುತ್ತಿದ್ದೆ: "ಇದ್ದವರು ಇಲ್ಲದವರಿಗೆ ಹಂಚಲೇಬೇಕು ಮಾರಾಯ!"

ಡೊಂಬಿವಲಿಯಲ್ಲಿ ಹತ್ತಿದ ಬಿಜಾಪುರ ಕಡೆಯ ಹಮಾಲನೊಬ್ಬ ನಮ್ಮ ಕನ್ನಡ ಕೇಳಿ ಹತ್ತಿರ ಬಂದು, "ಸರೀರಿ" ಅಂದ.

ನನಗೆ ಮೈಯೆಲ್ಲ ರೋಮಾಂಚನ! ದುಡಿಯುವವನೇ ಒಪ್ಪಿದ ಮೇಲೆ ಇನ್ನೇನು ಬೇಕು? ದನಿ ಏರಿಸಿದೆ. "ಒಬ್ಬನಿಗೆ ಬಂಗಲೆ, ಹತ್ತು ಜನಕ್ಕೆ ಒಂದೇ ಖೋಲಿ. ಇದು ನ್ಯಾಯವಾ?"

"ಸರೀರಿ ಅಣ್ಣಾರ!" ಅಂದ ಆತ, ಇನ್ನೂ ಜೋರಾಗಿ.

ಮುಂಬ್ರಾ ಬರುವಷ್ಟರಲ್ಲಿ ನಾನು ಇಡೀ ದೇಶದ ಆಸ್ತಿ ಹಂಚಿ ಮುಗಿಸಿದ್ದೆ. ಆಗ ಆತ ನನ್ನ ಭುಜ ತಟ್ಟಿದ.

"ನಿಮ್ಮ ಮಾತು ಖರೆ ಇರಬಹುದ್ರಿ. ಆದ್ರ ನಾ ಆವಾಗಿಂದ ಆ ಕಡೆ ಸರೀರಿ, ಸರೀರಿ ಅನ್ನಾಕತ್ತೀನಿ. ನಾಕನೇದಾಂವಗ ಒಂಚೂರು ಜಾಗ ಬಿಡ್ರಿ!"

ಕರಾವಳಿಯ ನನ್ನ ಕಿವಿಗೆ ಅದು 'ಸರಿ ರೀ' ಎಂದು ಕೇಳಿಸಿತ್ತು. ಮೂವರ ಬೆಂಚಿನಲ್ಲಿ ನಾಲ್ಕನೆಯವನನ್ನು ಕೂರಿಸುವುದು ಲೋಕಲಿನ ಪದ್ಧತಿ, ನಾಚಿಕೆಯಿಂದ ಸರಿದೆ.

ಆತ ಒತ್ತಿಕೊಂಡು ಕೂತು, "ಈಗ ಹೇಳ್ರಿ, ಹಂಚೂದರ ಬಗ್ಗೆ ಏನೋ ಅನ್ನಾಕತ್ತಿದ್ರಿ" ಅಂದ.

ಆರಾಮಾಗಿ ಕೂರಲು ಜಾಗವಿಲ್ಲದಿದ್ದರೆ ನನಗೆ ಸಮಾನತೆಯ ಮಾತೇ ಹೊರಡುವುದಿಲ್ಲ ಅಂತ ಅವತ್ತು ಗೊತ್ತಾಯಿತು.