ಮರಾಠಿಯಲ್ಲಿ ಅಡಗಿಸಿಟ್ಟ ಕಥೆ

ಮಾಯವ್ವಾ, ನಿನ್ನ ಗುಟ್ಟನ್ನು ನಿನ್ನ ತಾಯಿಯ ಮುಂದೆ ಬಯಲು ಮಾಡಿದವನು ನಾನು. ತಿಳಿಯದೆ ಆಯಿತು ಎಂದು ಇಷ್ಟು ವರ್ಷ ಎಲ್ಲರಿಗೂ ಹೇಳುತ್ತ ಬಂದೆ. ಸುಳ್ಳು. ತಿಳಿದೇ ಮಾಡಿದೆ.

ಗಡಿಯಾಚೆ ಮರಾಠಿ ಸೀಮೆಯೊಳಗೆ, ಬಿಳೂರಿನ ದಾರಿಯ ನಮ್ಮ ಕನ್ನಡ ಶಾಲೆಯಲ್ಲಿ ನಾನು ಮರಾಠಿ ಕಲಿಸುತ್ತಿದ್ದೆ. ಸಂತೆಯ ಮರಾಠಿ ನಿಮಗೆಲ್ಲ ಬಾಯಿಗೆ ಬರುತ್ತಿತ್ತು, ಓದು ಬರಹ ಮಾತ್ರ ಬರುತ್ತಿರಲಿಲ್ಲ. ಅದಕ್ಕೇ ಶನಿವಾರ ಒಬ್ಬೊಬ್ಬರಿಗೆ ಒಂದೊಂದು ಸಣ್ಣ ಕಥೆಯ ಪುಸ್ತಕ ಕೊಡುತ್ತಿದ್ದೆ. ಸೋಮವಾರ ಅದನ್ನು ಹೇಳಬೇಕು. ಓದದೆ ಬಂದವರು ಹೊರಗೆ ಬಿಸಿಲಲ್ಲಿ ನಿಲ್ಲಬೇಕು. ಈ ಪದ್ಧತಿಯ ಬಗ್ಗೆ ನನಗೆ ಭಾರೀ ಜಂಬ — ತಾಲೂಕಿನಲ್ಲೆಲ್ಲ ನನ್ನ ಹೆಸರೇ ಓಡಾಡುತ್ತದೆ ಅಂದುಕೊಂಡಿದ್ದೆ.

ಒಂದು ಭಾನುವಾರ ನಿನ್ನ ತಮ್ಮ ಬೀರು ದಾಳಿಂಬೆ ತೋಟದ ಹೊಂಡದಲ್ಲಿ ಮುಳುಗಿ ಹೋದ. ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ಜಾರುತ್ತದೆ, ದೊಡ್ಡವರಿಗೂ ಹತ್ತಲು ಆಗುವುದಿಲ್ಲ. ನಿಮ್ಮಪ್ಪ ಕುರಿಗಳ ಹಿಂದೆ ಪರವೂರಿನಲ್ಲಿದ್ದ. ತಪ್ಪಿಸಿಕೊಂಡ ಕುರಿಮರಿಯನ್ನು ಹುಡುಕಲು ಹೋಗಿದ್ದೆ ಎಂದು ನೀನು ಹೇಳಿದೆ. ಮನೆಯವರು ನಂಬಿದರು.

ಕೆಲವು ವಾರಗಳ ಮೇಲೆ, ನಿಮ್ಮದೇ ಒಂದು ಕಥೆ ಬರೆಯಿರಿ ಎಂದೆ. ನೀನು ಬರೆದೆ: ಒಂದು ಊರಿನಲ್ಲಿ ಒಬ್ಬ ಹುಡುಗಿ ಇದ್ದಳು. ತಮ್ಮನನ್ನು ಕಾಯಲು ಹೇಳಿದ್ದರು. ಅವಳು ಹೊಂಡದ ದಂಡೆಯ ಮೇಲೆ ಕೂತು ಪುಸ್ತಕ ಓದುತ್ತಿದ್ದಳು. ಕಥೆ ಮುಗಿಸಿ ತಲೆ ಎತ್ತಿದಾಗ ತಮ್ಮ ಇರಲಿಲ್ಲ.

ಮರಿ ತಪ್ಪಿಸಿಕೊಂಡಿರಲೇ ಇಲ್ಲ — ಓದಿದ ಕೂಡಲೇ ನನಗೆ ಗೊತ್ತಾಯಿತು. ನೀನು ಮೇಜಿನ ಹತ್ತಿರ ಬಂದು ಮೆಲ್ಲಗೆ ಅಂದೆ, “ಸರ, ಮರಾಠಿಯೊಳಗ ಬರದ್ರ ನಮ್ಮವ್ವಗ ಓದಾಕ ಬರಂಗಿಲ್ಲ. ಅದಕ್ಕ ಬರದೇನ್ರಿ.” ನಾನು ತಲೆಯಾಡಿಸಿದೆ. ಆದರೆ ನಿಜ ಹೇಳುತ್ತೇನೆ, ಆಗಲೂ ನನ್ನ ಮನಸ್ಸಿನಲ್ಲಿದ್ದದ್ದು ಒಂದೇ: ಎಂಥ ಚಂದದ ಮರಾಠಿ! ನನ್ನ ಪದ್ಧತಿ ಗೆದ್ದಿತು!

ಪಾಲಕರ ಸಭೆಗೆ ತಾಲೂಕಿನ ಅಧಿಕಾರಿಯೊಬ್ಬರು ಬಂದರು. ನಿನ್ನ ಹೆಸರು ಹೇಳಿಯೇ ಆ ಕಥೆಯನ್ನು ಮರಾಠಿಯಲ್ಲಿ ಓದಿದೆ; ಆ ಪುಸ್ತಕದ ಮರಾಠಿ ಪಾಲಕರಿಗೆ ತಿಳಿಯಲಿಲ್ಲ. ಅವರು ಮೆಚ್ಚಿ, ಪಾಲಕರಿಗೂ ಕನ್ನಡದಲ್ಲಿ ಹೇಳಿರಿ ಅಂದರು. ಬೇರೆ ಕಥೆ ಹೇಳಬಹುದಿತ್ತು. ಎರಡು ಮಾತಿನಲ್ಲಿ ಮುಗಿಸಬಹುದಿತ್ತು. ನೀನು ಬಾಗಿಲ ಹತ್ತಿರದಿಂದ ನನ್ನನ್ನೇ ನೋಡುತ್ತಿದ್ದೆ, ಬೇಡವೆಂದು ತಲೆ ಅಲ್ಲಾಡಿಸುತ್ತಿದ್ದೆ — ಅದನ್ನೂ ಕಂಡೆ. ಆದರೂ ಹೇಳಿದೆ. ದನಿ ಏರಿಸಿ, ಇಳಿಸಿ, ಜನ ಕಣ್ಣೊರೆಸಿಕೊಳ್ಳುವ ಹಾಗೆ ಹೇಳಿದೆ.

ನಿಮ್ಮವ್ವ ತಂಗೆವ್ವ ಎದ್ದು ನಿಂತಳು. ಸೆರಗು ಬಾಯಿಗೆ ಒತ್ತಿ ಹಿಡಿದಿದ್ದಳು.

“ಸರ, ಆ ಪುಸ್ತಕ ಆಕಿಗೆ ಕೊಟ್ಟಾವ್ರು ಯಾರ್ರೀ?”

ಸೋಮವಾರದ ಬಿಸಿಲಿಗೆ ಹೆದರಿ ನೀನು ಓದುತ್ತಿದ್ದ ಪುಸ್ತಕ ಅದು. ಕೊಟ್ಟವನು ನಾನು, ಹೆದರಿಸಿದವನೂ ನಾನು. ‘ನಾನು’ ಎಂಬ ಒಂದೇ ಶಬ್ದ ಸಾಕಿತ್ತು. ಅಧಿಕಾರಿ ಪಕ್ಕದಲ್ಲೇ ಕೂತಿದ್ದರು. “ಅದು ಬರೇ ಕಥಿರಿ, ಕುಂದ್ರಿ” ಅಂದುಬಿಟ್ಟೆ.

ಮರುದಿನದಿಂದ ನೀನು ಶಾಲೆಗೆ ಬರಲಿಲ್ಲ. ತಮ್ಮನನ್ನು ಪುಸ್ತಕಕ್ಕೆ ಬಲಿ ಕೊಟ್ಟವಳು ಎಂದು ಊರೆಲ್ಲ ಆಡಿಕೊಂಡಿತು. ನಿಮ್ಮವ್ವ ನಿನ್ನ ಕೂಡ ಮಾತು ಬಿಟ್ಟಳು. ಡಫಳಾಪುರಕ್ಕೆ ನಿನ್ನನ್ನು ಮದುವೆ ಮಾಡಿ ಕೊಟ್ಟ ದಿನವೂ ಆಕೆ ಬಾಯಿ ಬಿಡಲಿಲ್ಲವಂತೆ. ಇದೆಲ್ಲ ನನ್ನ ಕಿವಿಗೆ ಬೀಳುತ್ತಲೇ ಇತ್ತು, ನಾನು ಶನಿವಾರ ಪುಸ್ತಕ ಹಂಚುತ್ತಲೇ ಇದ್ದೆ. ನನ್ನ ಮೇಲೆ ನನಗೇ ಹೇಸಿಗೆ ಬರುತ್ತದೆ, ಮಾಯವ್ವಾ.

ನೀನು ಕ್ಷಮಿಸಬೇಕೆಂದು ಇದನ್ನು ಬರೆಯುತ್ತಿಲ್ಲ. ಎಂದೋ ಮಾಡಬೇಕಾಗಿದ್ದ ಕೆಲಸವೊಂದು ಉಳಿದಿದೆ. ನಾಳೆ ನಿಮ್ಮವ್ವನ ಮನೆಗೆ ಹೋಗುತ್ತೇನೆ. ‘ಒಂದು ಊರಿನಲ್ಲಿ’ ಎಂದು ಕಥೆಯ ಹಾಗೆ ಶುರು ಮಾಡುವುದಿಲ್ಲ. ಬಾಗಿಲಲ್ಲೇ ನಿಂತು, “ತಂಗೆವ್ವಾ, ಆ ಪುಸ್ತಕ ಕೊಟ್ಟಾಂವ ನಾನ. ಓದದಿದ್ರ ಬಿಸಿಲಾಗ ನಿಲ್ಲಸ್ತೇನಿ ಅಂತ ಅಂಜಿಸಿದಾಂವನೂ ನಾನ” ಎನ್ನುತ್ತೇನೆ. ಆಮೇಲೆ ಅವಳು ಏನಂದರೂ ನಿಂತು ಕೇಳುತ್ತೇನೆ.