ಬಾಗಿಲ ಹಿಂದಿನ ನಗು

ಕಳೆದ ತಿಂಗಳು ನಮ್ಮ ಮನೆಗೆ ಒಂದು ಪುಸ್ತಕ ಬಂತು. ಪುಸ್ತಕ ಎಂದರೆ ಅಂಗಡಿಯಲ್ಲಿ ಸಿಗುವಂಥದ್ದಲ್ಲ. ವಾರಪತ್ರಿಕೆಯಲ್ಲಿ ಬರುತ್ತಿದ್ದ ಧಾರಾವಾಹಿಯ ಹಾಳೆಗಳನ್ನು ವಾರವಾರವೂ ಕಿತ್ತಿಟ್ಟುಕೊಂಡು, ಮುಗಿದ ಮೇಲೆ ದಬ್ಬಳದಲ್ಲಿ ತೂತು ಮಾಡಿ, ದಾರದಲ್ಲಿ ಹೊಲಿದು, ಮೇಲೊಂದು ಹಳೆಯ ಕ್ಯಾಲೆಂಡರಿನ ರಟ್ಟು ಅಂಟಿಸಿದ ಪುಸ್ತಕ. ನಿಮ್ಮ ಮನೆಯ ಟ್ರಂಕಿನ ತಳದಲ್ಲೂ ಅಂಥದ್ದೊಂದು ಇದ್ದೀತು, ಹುಡುಕಿ ನೋಡಿ. ಬಿಚ್ಚಿದ ಕೂಡಲೇ ನುಸಿಗುಳಿಗೆಯ ಘಾಟು ಮೂಗಿಗೆ ಹೊಡೆಯಿತು. ತಂದವಳು ಅಶ್ವಿನಿ ಎಂಬ ಹುಡುಗಿ. ದಂಡಿಗನಹಳ್ಳಿ ಕಡೆಯವಳು, ಹಾಸನದಲ್ಲಿ ಕನ್ನಡ ಎಂ.ಎ. ಓದುತ್ತಿದ್ದಾಳೆ. ಹೊಳೆನರಸೀಪುರದ ತನ್ನ ಅಜ್ಜಿಯ ಪೆಟ್ಟಿಗೆಯಲ್ಲಿ ಅದು ಸಿಕ್ಕಿತಂತೆ.

"ಮೇಡಂ, ಇದು ನೀವೇ ಬರ್ದಿದ್ದಲ್ವಾ?" ಎಂದಳು.

ಅಲ್ಲ ಎನ್ನುವಂತಿರಲಿಲ್ಲ. ಹಾಳೆಯ ತಲೆಯ ಮೇಲೆ ನನ್ನ ಹೆಸರಿತ್ತು. ಪಕ್ಕದಲ್ಲಿ ಮೂವತ್ತು ವರ್ಷದ ಹಿಂದಿನ ನನ್ನ ಫೋಟೋ, ಗಲ್ಲಕ್ಕೆ ಕೈ ಕೊಟ್ಟುಕೊಂಡು ಲೋಕದ ಚಿಂತೆಯೆಲ್ಲ ತನ್ನದೇ ಎಂಬಂತೆ ಕೂತಿದ್ದೇನೆ. ಅಂಚಿನಲ್ಲಿ ಆ ಅಜ್ಜಿ ಸೀಸದಕಡ್ಡಿಯಲ್ಲಿ ತಮ್ಮ ಟೀಕೆಗಳನ್ನು ಬರೆದಿದ್ದರು. "ಇವಳ ಮನೆ ಹಾಳಾಗ." "ಇವಳಿಗೆ ಹೆಣ್ಣುಮಕ್ಕಳ ಶಾಪ ತಟ್ಟದೆ ಇರುತ್ತಾ?" ಇಡೀ ಪುಸ್ತಕದ ಬೈಗುಳ ಒಬ್ಬಳಿಗೇ ಮೀಸಲು. ಅವಳು ಕೆಂಪಾಜಮ್ಮ, ನನ್ನ ಧಾರಾವಾಹಿಯ ಖಳನಾಯಕಿ.

ಅಶ್ವಿನಿಗೆ ಒಂದು ಪ್ರಬಂಧ ಬರೆಯಬೇಕಿತ್ತು. ಒಂದು ಪಾತ್ರವನ್ನು ಖಳಪಾತ್ರ ಮಾಡುವುದು ಯಾವುದು ಎನ್ನುವುದು ಅದರ ವಿಷಯ. "ಹನ್ನೊಂದನೇ ಕಂತಲ್ಲಿ ನಾದಿನಿಗೆ ಮಡ್ಲು ತುಂಬ್ದೆ, ಒಳಗೋಗಿ ಅಗುಳಿ ಹಾಕ್ಕೊಂಡು ನಗ್ತಾಳಲ್ಲ ಮೇಡಂ, ಯಾಕೆ? ಮೋಟಿವ್ ಬರೀಬೇಕು ಅಂದಿದಾರೆ ನಮ್ ಗೈಡು. ಇಡೀ ಪುಸ್ತಕ ಹುಡುಕ್ದೆ, ಸಿಗ್ಲಿಲ್ಲ."

ಮೂವತ್ತು ವರ್ಷ ಮೇಷ್ಟರಿಕೆ ಮಾಡಿದವರಿಗೆ ಗೊತ್ತಿಲ್ಲ ಎನ್ನಲು ನಾಲಿಗೆ ಹೊರಳುವುದಿಲ್ಲ. ಕೆಡುಕಿಗೆ ಕಾರಣ ಇರಲೇಬೇಕೆಂದಿಲ್ಲಮ್ಮ, ಬೇವಿಗೆ ಕಹಿ ಯಾಕೆ ಎಂದು ಕೇಳುತ್ತೀವಾ, ಅದು ಅದರ ಸ್ವಭಾವ, ಎಂದೆಲ್ಲ ಕಾಫಿ ಕೊಡುತ್ತಾ ಹೇಳಿದೆ. ಅವಳು ಒಂದಕ್ಷರ ಬಿಡದೆ ಬರೆದುಕೊಂಡಳು. ಪಾಪದ ಹುಡುಗಿ. ಗೇಟು ಹಾಕಿಕೊಂಡು ಹೋಗುವಾಗ ಥ್ಯಾಂಕ್ಸ್ ಬೇರೆ ಹೇಳಿದಳು.

ಅವಳಿಗೆ ಹೇಳಿದ್ದು ಸುಳ್ಳು. ಕಾರಣ ಇತ್ತು, ಅದು ನನಗೆ ಗೊತ್ತೂ ಇತ್ತು. ಅವಳಿಗೆ ಹೇಳದ್ದನ್ನು ನಿಮಗೆ ಹೇಳುತ್ತೇನೆ, ಕೂತುಕೊಳ್ಳಿ.

ಅರಕಲಗೂಡಿನ ಪಕ್ಕದ ಹಳ್ಳಿ ನಮ್ಮ ಅವ್ವನ ತವರು. ಅಲ್ಲಿಂದ ರುದ್ರಪಟ್ಟಣ ದೂರವಿಲ್ಲ. ಆ ಊರಿನವರಿಗೆ ಸಂಗೀತ ಹೇಗೆ ಹುಟ್ಟುತ್ತಲೇ ಬರುತ್ತದೋ ನಮ್ಮ ಮನೆತನದವರಿಗೆ ಮುನಿಸು ಹಾಗೆ ಬರುತ್ತದೆ, ಅಭ್ಯಾಸವೇ ಬೇಡ. ಜಯಮ್ಮ ನನ್ನ ಸೋದರಮಾವನ ಹೆಂಡತಿ, ನನಗೆ ಅತ್ತೆ. ಕೂಡುಹುಬ್ಬು. ಬಲಗಣ್ಣು ಕೊಂಚ ಕಿರಿದು, ಬಿಸಿಲಿಗೆ ಬಂದರೆ ಇನ್ನೂ ಕಿರಿದಾಗುತ್ತಿತ್ತು. ಮಾತು ಬಲು ಕಮ್ಮಿ. ಕೆಲಸದ ನಡುವೆ ಯಾರಾದರೂ ಮಾತಾಡಿಸಿದರೆ ಸೆರಗಿನ ಚುಂಗನ್ನು ಬೆರಳಿಗೆ ಸುತ್ತಿಕೊಂಡು ನಿಂತು, ಕೇಳಿಸಿಕೊಂಡು, ಹಾಗೇ ಒಳಗೆ ಹೋಗಿಬಿಡುವಳು. ಇಷ್ಟನ್ನೂ ಎತ್ತಿ ಕೆಂಪಾಜಮ್ಮನಿಗೆ ತೊಡಿಸಿದೆ. ಕೂಡುಹುಬ್ಬಿನ, ಮಾತಾಡದ ಹೆಂಗಸೊಬ್ಬಳು ಧಾರಾವಾಹಿಯಲ್ಲಿ ಒಳ್ಳೆಯವಳಾಗಿದ್ದನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನಾನಂತೂ ಕಂಡಿಲ್ಲ. ನಾಯಕಿಗೆ ವಟವಟ ಎನ್ನಲು ಪುಟಗಟ್ಟಲೆ ಜಾಗ ಕೊಡುತ್ತೇವೆ, ಇನ್ನೊಬ್ಬಳಿಗೆ ಹುಬ್ಬು ಕೊಟ್ಟು ಸುಮ್ಮನಾಗುತ್ತೇವೆ.

ನನಗಾಗ ಒಂಬತ್ತು ವರ್ಷ. ಅವ್ವ ಐದು ತಿಂಗಳ ಬಸುರಿ. ಬೆಳಗಿನ ಬಸ್ಸಿಗೆ ತವರಿಗೆ ಹೋಗಿ ಮಧ್ಯಾಹ್ನದ ಬಸ್ಸಿಗೆ ಹಾಸನಕ್ಕೆ ಹಿಂತಿರುಗುವುದೆಂದು ಹೊರಟಿದ್ದೆವು. ಅವತ್ತು ಅತ್ತೆ ಕೋಣೆ ಬಿಟ್ಟು ಬರಲಿಲ್ಲ. ಒಲೆಯ ಮುಂದೆ ಅಜ್ಜಿಯೇ ಕೂತಿದ್ದಳು, ಹೊಗೆಗೆ ಕೆಮ್ಮುತ್ತ. ಉಂಡೆವು, ಮಾವ ಏನೇನೋ ಮಾತಾಡಿದ, ಹೊರಡುವ ಹೊತ್ತಾಯಿತು. ಅವ್ವ ಪಡಸಾಲೆಯಲ್ಲಿ ಪೂರ್ವಕ್ಕೆ ಮುಖ ಮಾಡಿ ಮಣೆಯ ಮೇಲೆ ಕೂತಳು, ಸೆರಗು ಹರವಿಕೊಂಡು.

ಮಡಿಲಕ್ಕಿ ಹಾಕದೆ ತವರಿನ ಹೆಣ್ಣುಮಗಳನ್ನು ಕಳಿಸುವವರು ನಮ್ಮ ಕಡೆ ಇಲ್ಲ. ಅಕ್ಕಿ, ಬೆಲ್ಲದಚ್ಚು, ಕೊಬ್ಬರಿ, ಎಲೆಅಡಿಕೆ, ಒಂದು ಕುಪ್ಪಸದ ಬಟ್ಟೆ. ಎಂಥ ಇಲ್ಲದವರ ಮನೆಯಲ್ಲೂ ಹಿಡಿ ಅಕ್ಕಿಯಾದರೂ ಸೆರಗಿಗೆ ಬೀಳುತ್ತದೆ. ಅದರಲ್ಲೂ ಬಸುರಿಗೆ. ಹಾಕಬೇಕಾದವಳು ಮನೆಯ ಮುತ್ತೈದೆ. ಅಜ್ಜಿ ಗಂಡನನ್ನು ಕಳೆದುಕೊಂಡವಳು, ಹಾಗಾಗಿ ಆ ಕೆಲಸ ಅತ್ತೆಯದೇ. ಅತ್ತೆ ಕೋಣೆಯ ಬಾಗಿಲಿಗೆ ಬಂದಳು. ಮಣೆಯ ಮೇಲೆ ಕೂತ ಅವ್ವನನ್ನು ನೋಡಿದಳು. ಸೆರಗಿನ ಚುಂಗನ್ನು ಬೆರಳಿಗೆ ಸುತ್ತಿಕೊಂಡಳು. ಆಮೇಲೆ ಒಳಗೆ ಹೋಗಿ ಅಗುಳಿ ಹಾಕಿಕೊಂಡಳು.

ಅವ್ವ ಸ್ವಲ್ಪ ಹೊತ್ತು ಹಾಗೇ ಕೂತಿದ್ದಳು. ಅಜ್ಜಿ ನೆಲ ನೋಡುತ್ತಿದ್ದಳು. ಕಡೆಗೆ ಅವ್ವ ಹರವಿದ್ದ ಸೆರಗನ್ನು ತಾನೇ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ನನ್ನ ರಟ್ಟೆ ಹಿಡಿದು ಬೀದಿಗಿಳಿದಳು. ಬಸ್ಸಿನಲ್ಲಿ ಕಿಟಕಿಯ ಕಡೆ ತಿರುಗಿಕೊಂಡೇ, "ಇನ್ ಆ ಮನೆ ವಸ್ಲು ತುಳ್ಯಾಕಿಲ್ಲ ಕಣವ್ವ ನಾನು," ಅಂದಳು. ಅಜ್ಜಿ ಸತ್ತಾಗ ಹೋಗಿ ಬೀದಿಯಲ್ಲೇ ನಿಂತು ಅತ್ತು ಬಂದಳು. ಮಾವ ಕರೆಯಲು ಬಂದರೆ ನೀರು ಕೊಟ್ಟು ಕಳಿಸಿದಳು. ಹೇಳಿದ ಮಾತಿಗೆ ತಪ್ಪಲಿಲ್ಲ, ಅದು ಅವಳ ಹೆಚ್ಚುಗಾರಿಕೆ ಎಂದು ನಾನೂ ಬಹಳ ಕಾಲ ನಂಬಿದ್ದೆ.

ಇಪ್ಪತ್ತೆರಡು ವರ್ಷದ ಮೇಲೆ ಧಾರಾವಾಹಿ ಬರೆಯಲು ಕೂತಾಗ ನನಗೊಬ್ಬಳು ಕೆಟ್ಟವಳು ಬೇಕಿತ್ತು. ದೂರ ಹುಡುಕಲಿಲ್ಲ. ಕಂಡದ್ದನ್ನು ಕಂಡ ಹಾಗೇ ಬರೆದೆ ಎಂದುಕೊಂಡಿದ್ದೆ. ಎಲ್ಲಿ ಬಂತು? ಅಜ್ಜಿ ಒಲೆ ಊದುತ್ತಿದ್ದದ್ದು ನೆನಪಿತ್ತಲ್ಲ, ಅದನ್ನು "ಸೊಸೆ ಮಂಚದ ಮೇಲೆ, ಮುದುಕಿ ಹೊಗೆಯಲ್ಲಿ" ಎಂದು ಮಾಡಿದೆ. ಅಗುಳಿ ಬಿದ್ದ ಸದ್ದು ಬರೆದ ಮೇಲೆ ದೃಶ್ಯ ಯಾಕೋ ಸಪ್ಪೆ ಎನಿಸಿತು. ಇನ್ನೊಂದು ಸಾಲು ಸೇರಿಸಿದೆ: ಬಾಗಿಲ ಹಿಂದೆ ಕೆಂಪಾಜಮ್ಮ ನಕ್ಕಳು. ಬರೆದು ಪೆನ್ನು ಕೆಳಗಿಟ್ಟಾಗ ನನಗೆ ಎಂಥ ಖುಷಿಯಾಗಿತ್ತು ಎಂದು ಹೇಳಿದರೆ ಈಗ ನೀವು ಎದ್ದು ಹೋಗುತ್ತೀರಿ.

ಅತ್ತೆಗೆ ಓದು ಬರದು. ಅವಳ ಮಗಳು ಸರಸ ಹೈಸ್ಕೂಲಿನ ಹುಡುಗಿ. ವಾರಪತ್ರಿಕೆ ಬಂದ ದಿನ ಆ ಬೀದಿಯ ಹೆಂಗಸರೆಲ್ಲ ಅವರ ಜಗುಲಿಯ ಮೇಲೆ ಅವರೆಕಾಯಿ ಸುಲಿಯುತ್ತಲೋ ಅಕ್ಕಿ ಆರಿಸುತ್ತಲೋ ಕೂರುತ್ತಿದ್ದರು, ಸರಸ ಗಟ್ಟಿಯಾಗಿ ಓದುತ್ತಿದ್ದಳು. ನಮ್ಮ ಹುಡುಗಿ ಬರೆದದ್ದು ಎಂದು ಅತ್ತೆಗೆ ಹೆಮ್ಮೆಯಂತೆ. ಹತ್ತು ವಾರ ಎಲ್ಲರಿಗಿಂತ ಜೋರಾಗಿ ಕೆಂಪಾಜಮ್ಮನಿಗೆ ಶಾಪ ಹಾಕಿದವಳು ಅವಳೇ. "ಅಂಥೋಳ ಕೈಗೆ ಉಳ ಬೀಳ," ಎನ್ನುವಳಂತೆ. ಹನ್ನೊಂದನೇ ವಾರ ಸರಸ ಮಣೆ, ಸೆರಗು, ಅಗುಳಿ ಎಂದು ಓದುತ್ತಾ ಹೋದಳು. ನಗುವಿನ ಸಾಲು ಓದಿ ತಲೆಯೆತ್ತಿದರೆ ಜಗುಲಿಯ ಮೇಲಿದ್ದವರೆಲ್ಲ ಅವಳ ಅವ್ವನನ್ನೇ ನೋಡುತ್ತಿದ್ದಾರೆ. ನಮ್ಮವ್ವನ ಮಡಿಲು ತುಂಬದೆ ಕಳಿಸಿದ ಸಂಗತಿ ಊರಿಗೆಲ್ಲ ಗೊತ್ತಿದ್ದದ್ದೇ. ಅತ್ತೆ ಆರಿಸುತ್ತಿದ್ದ ಅಕ್ಕಿಯ ಮೊರವನ್ನು ಎತ್ತಿಕೊಂಡು ಒಳಗೆ ಹೋದಳಂತೆ.

ಆಮೇಲೆ ಊರಿನ ಬಾಯಿ ಕೇಳಬೇಕೆ. ಜಯಮ್ಮ ಹೋಗಿ ಕೆಂಪಾಜಮ್ಮ ಆದಳು. ಹೊಳೆನರಸೀಪುರದ ನೆಂಟರ ಮದುವೆಯಲ್ಲಿ ಮದುಮಗಳಿಗೆ ಅರಿಸಿನ ಹಚ್ಚಲು ಮುತ್ತೈದೆಯರನ್ನು ಕರೆಯುವಾಗ ಅವಳೊಬ್ಬಳನ್ನು ದಾಟಿ ಮುಂದಿನವಳನ್ನು ಕರೆದರು. ಅಲ್ಲಿ ನಾನೂ ಇದ್ದೆ. ನೋಡಿದೆ, ನೋಡದವಳ ಹಾಗೆ ಹೂ ಕಟ್ಟುತ್ತಾ ಕೂತೆ.

ಆ ಮದುವೆಯಾಗಿ ನಾಲ್ಕು ದಿನಕ್ಕೆ ಅತ್ತೆ ಒಬ್ಬಳೇ ಬಸ್ಸು ಹತ್ತಿ ಹಾಸನದ ನಮ್ಮ ಮನೆ ಹುಡುಕಿಕೊಂಡು ಬಂದಳು. ಬೈಯಲು ಬಂದಿದ್ದಾಳೆ ಎಂದುಕೊಂಡು ನಾನು ಏನೇನೋ ಉತ್ತರ ಹೊಂದಿಸಿಕೊಳ್ಳುತ್ತಿದ್ದೆ. ಅವಳು ನೆಲದ ಮೇಲೆ ಕೂತು ನೀರು ಕುಡಿದು, ಯಾರದೋ ಮನೆಯ ಸುದ್ದಿ ಹೇಳುವಂತೆ ಹೇಳಿದಳು.

"ನಿಮ್ಮವ್ವ ಬರೋಕ್ ಎರಡ್ ದಿನ ಮುಂಚೆ ನಂಗೆ ಮೂರ್ ತಿಂಗ್ಳುದ್ದು ಓಗಿತ್ತು ಕಣವ್ವ. ಮೊದುಲ್ನೇದು. ಇನ್ನೂ ಯಾರ್ಗೂ ಏಳಿರ್ಲಿಲ್ಲ. ತ್ವಾಟದಲ್ಲಿ ಮಣ್ ಮಾಡಿ ಬಂದ್ರು. ಬಸುರಿ ಎಂಗ್ಸು ಬತ್ತಾವಳೆ, ಅವಳ ಕಿವಿಗೆ ಇದು ಬೀಳ್ಬಾರ್ದು ಅಂದ್ಬುಟ್ರು ನಮ್ಮತ್ತೆ. ಕಳ್ಕಂಡೋಳು ಬಸುರಿ ಮಡ್ಲು ತುಂಬುದ್ರೆ ಅವಳ್ದೂ ನಿಲ್ಲಾಕಿಲ್ಲ ಅಂತಾರಲ್ಲ. ತುಂಬಂಗಿಲ್ಲ, ಯಾಕೆ ಅಂತ ಏಳಂಗಿಲ್ಲ. ನಾನ್ ಏನ್ ಮಾಡ್ಬೇಕಿತ್ತು ಏಳು."

ಪಕ್ಕದ ಮನೆಯವರನ್ನು ಕರೆಯಬಹುದಿತ್ತಲ್ಲ ಎಂದೆ. ಮೇಷ್ಟರಿಕೆ ಎಲ್ಲಿ ಬಿಡುತ್ತದೆ.

"ಕರುದ್ರೆ ನೀನ್ಯಾಕ್ ತುಂಬಾಕಿಲ್ಲ ಅಂತ ಅವ್ರು ಕೇಳ್ತಿರ್ಲಿಲ್ವಾ?" ಎಂದಳು. "ಮಗ ಉಟ್ಟುದ್ ಮೇಲೆ ಏಳಾನ ಅಂದ್ಕಂಡೆ. ನಿಮ್ಮವ್ವ ಬರ್ಲೇ ಇಲ್ಲ. ಬಂದೋರ್ನೂ ಒಳೀಕ್ ಕರೀಲಿಲ್ಲ."

ಬಾಗಿಲು ಹಾಕಿಕೊಂಡದ್ದು ಅಳು ತಡೆಯಲಾಗದೆ. ಆ ಐದು ತಿಂಗಳ ಹೊಟ್ಟೆಯನ್ನು ನೋಡಲಾಗದೆ. ಆ ಹೊಟ್ಟೆಯೊಳಗಿದ್ದ ನನ್ನ ತಮ್ಮ ಈಗ ಚನ್ನರಾಯಪಟ್ಟಣದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡು ಗುಂಡಗಿದ್ದಾನೆ. ಅತ್ತೆಯ ಹೆಸರೆತ್ತಿದರೆ ಈಗಲೂ ಮುಖ ತಿರುಗಿಸುತ್ತಾನೆ.

ಏಳುವ ಮುಂಚೆ ಅತ್ತೆ ಕೇಳಿದ್ದು ಒಂದೇ. "ನಿನ್ ಕತೆ ಇನ್ನೂ ಮುಗ್ದಿಲ್ವಂತಲ್ಲ. ಸರಸ ಅಂದ್ಲು. ಒಂದ್ ವಾರ, ಅವ್ಳು ಯಾಕಂಗ್ ಮಾಡುದ್ಲು ಅಂತ ಬರಿ. ನನ್ ಎಸ್ರು ಬ್ಯಾಡ. ಜಗ್ಲಿ ಮ್ಯಾಲೆ ಅದ್ನೂ ಓದ್ಲಿ."

ಬರೆಯುತ್ತೇನೆ ಅತ್ತೆ, ಎಂದೆ. ಆಗ ಆರು ಕಂತು ಬಾಕಿ ಇದ್ದವು. ಒಂದು ಕಂತು ನಾಲ್ಕು ಹಾಳೆ. ಬರೆಯಲು ಕೂತೂ ಕೂತೆ. ಕೆಂಪಾಜಮ್ಮನಿಗೆ ಕಾರಣ ಸಿಕ್ಕ ಕೂಡಲೇ ನನ್ನ ನಾಯಕಿ ಯಾಕೋ ಹಟಮಾರಿಯ ಹಾಗೆ ಕಾಣತೊಡಗಿದಳು, ಅವಳ ಕಣ್ಣೀರಿಗೆ ಬೆಲೆಯೇ ಉಳಿಯಲಿಲ್ಲ. ನಾಯಕಿ ಎಂದರೆ ನಮ್ಮವ್ವ. ಅಷ್ಟರಲ್ಲಿ ಸಂಪಾದಕರ ಕಾರ್ಡು ಬಂತು, ಕೆಂಪಾಜಮ್ಮನಿಗೆ ತಕ್ಕ ಶಾಸ್ತಿಯಾಗುವುದನ್ನು ಓದುಗರು ಕಾಯುತ್ತಿದ್ದಾರೆ ಎಂದು. ಓದುಗರ ಕಾಗದಗಳೂ ಚೀಲಗಟ್ಟಲೆ ಬರುತ್ತಿದ್ದವು. ನನ್ನ ಜನ್ಮದಲ್ಲಿ ಅಷ್ಟು ಕಾಗದ ಬಂದದ್ದು ಅದೇ ಮೊದಲು, ಅದೇ ಕಡೆ. ಬರೆದ ನಾಲ್ಕು ಹಾಳೆಯನ್ನು ಹರಿದೆ. ಕೆಂಪಾಜಮ್ಮನಿಗೆ ಪಾರ್ಶ್ವವಾಯು ಬಡಿಸಿ, ನಾಲಿಗೆ ಬಿದ್ದು ಹೋಗುವಂತೆ ಮಾಡಿದೆ. ಮಾತಾಡಲು ಒಂದು ವಾರ ಕೇಳಿದವಳಿಗೆ ನಾನು ಕೊಟ್ಟದ್ದು ಅದನ್ನು. ಸರಸ ಅದನ್ನೂ ಓದಿರಬೇಕು. ಕೇಳುವ ಧೈರ್ಯ ನನಗಾಗಲಿಲ್ಲ. ಅವ್ವನಿಗೂ ನಿಜ ಹೇಳಲಿಲ್ಲ. ಇವತ್ತು ನಾಳೆ ಎನ್ನುವಷ್ಟರಲ್ಲಿ ಅವಳು ತನ್ನ ಸಿಟ್ಟನ್ನು ಜೊತೆಗಿಟ್ಟುಕೊಂಡೇ ಹೋದಳು.

ಖಳಪಾತ್ರವನ್ನು ಮಾಡುವುದು ಹುಬ್ಬಲ್ಲ, ಅಗುಳಿಯೂ ಅಲ್ಲ. ಕಾರಣ ಗೊತ್ತಿದ್ದೂ ಬರೆಯದೆ ಬಿಟ್ಟವರು ಮಾಡುತ್ತಾರೆ. ಅಶ್ವಿನಿಗೆ ಹೇಳಬೇಕಾದ ಉತ್ತರ ಇದಾಗಿತ್ತು. ಅವಳು ಹೋದ ಮೇಲೆ ಎರಡು ದಿನ ಊಟ ಸೇರಲಿಲ್ಲ. ಮೂರನೆಯ ದಿನ ಅರಕಲಗೂಡು ಬಸ್ಸು ಹತ್ತಿದೆ.

ಅತ್ತೆಗೆ ಎಂಬತ್ತಾಗಿದೆ. ಅರಕಲಗೂಡು ಪೇಟೆಯಲ್ಲಿ ಸರಸನ ಮನೆಯಲ್ಲಿದ್ದಾಳೆ. ಕಣ್ಣು ಕಿವಿ ಎರಡೂ ಚುರುಕು. ಹಿತ್ತಿಲಲ್ಲಿ ಕಲ್ಲಿನ ಮೇಲೆ ಕೂತು ಸೊಪ್ಪು ಸೋಸುತ್ತಿದ್ದಳು. ನಾನೂ ಪಕ್ಕದಲ್ಲಿ ಕೂತೆ. ಆವತ್ತು ನೀನು ಕೇಳಿದ್ದನ್ನು ಈಗ ಬರೆಯುತ್ತೇನೆ, ಪತ್ರಿಕೆಗೆ ಕೊಡುತ್ತೇನೆ, ತಪ್ಪೆಲ್ಲ ನನ್ನದೇ ಎಂದು ಬರೆಯುತ್ತೇನೆ ಎಂದೆ.

ಅತ್ತೆ ಸೊಪ್ಪಿನ ಕಡ್ಡಿ ಮುರಿಯುತ್ತಲೇ ಇದ್ದಳು. "ಯಾರ್ ಓದ್ತಾರವ್ವ?" ಎಂದಳು. "ಆ ಜಗ್ಲಿ ಮ್ಯಾಲೆ ಕುಂತಿದ್ದೋರೆಲ್ಲ ಸತ್ತೋದ್ರು. ನಾನು ಕೆಟ್ಟೋಳು ಅಂತ ತಿಳ್ಕಂಡೇ ಸತ್ರು."

"ನಾನು ಕೆಟ್ಟವಳು ಅಂತ ಬರೀತೀನಿ ಅತ್ತೆ, ನೀನಲ್ಲ."

ಈಗ ಅವಳು ನನ್ನ ಕಡೆ ನೋಡಿದಳು. ಬಿಸಿಲಿಗೆ ಬಲಗಣ್ಣು ಕಿರಿದಾಗಿತ್ತು. ಸಿಟ್ಟಿರಲಿಲ್ಲ, ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

"ತಪ್ಪಾಯ್ತು ಅಂತ ಬರ್ಕಂಡೋರ್ನ ಓದೋರು ಒಳ್ಳೇರು ಅಂತಾರೆ ಕಣವ್ವ. ಅದ್ನೂ ನೀನೇ ತಕತೀಯ. ಬ್ಯಾಡ, ಬರೀಬ್ಯಾಡ."

ಸೋಸಿದ ಸೊಪ್ಪನ್ನು ಮೊರಕ್ಕೆ ಹಾಕಿಕೊಂಡು, ಗೋಡೆ ಹಿಡಿದು ಎದ್ದು ಒಳಗೆ ಹೋದಳು. ನಾನು ಸಂಜೆಯ ಬಸ್ಸಿಗೆ ಹಾಸನಕ್ಕೆ ಬಂದೆ. ಹದಿನೈದು ದಿನ ತಡೆದೆ. ಆಮೇಲೆ ಬರೆದೆ. ಅವಳು ಬೇಡ ಎಂದದ್ದನ್ನು ನೀವು ಈಗ ಓದಿ ಮುಗಿಸಿದ್ದೀರಿ. ನನ್ನ ಬಗ್ಗೆ ಏನಾದರೂ ಒಳ್ಳೆಯ ಮಾತು ನಿಮ್ಮ ಮನಸ್ಸಿಗೆ ಬಂದಿದ್ದರೆ, ಅದು ಅತ್ತೆಯ ಪಾಲಿನದು, ನಾನು ಎರಡನೇ ಸಲ ಕಸಿದುಕೊಂಡದ್ದು.