ಹೈಕೋರ್ಟಿಗೆ ಒಯ್ದ ಪೇಢೆ

ಹೈಕೋರ್ಟಿಗೆ ಪೇಢೆಯ ಡಬ್ಬಿ ಒಯ್ದ ಜಾಣ ನಾನೇ. ಇಷ್ಟು ದಿನ ಮುಚ್ಚಿಟ್ಟಿದ್ದೆ, ಈಗ ನಿಮ್ಮೆದುರು ಒಪ್ಪಿಕೊಳ್ಳುತ್ತೇನೆ.

ನಮ್ಮೂರು ಬೈಲಹೊಂಗಲದ ಹತ್ತಿರ. ಅಲ್ಲಿಯ ವಾಚನಾಲಯದಲ್ಲಿ ನಾನು ಮತ್ತು ನನ್ನಂಥ ಮೂವರು ನಿವೃತ್ತ ಮಾಸ್ತರರು ದಿನಾ ಮುಂಜಾನೆ ಪತ್ರಿಕೆ ಓದಿ ದೇಶದ ತಪ್ಪುಗಳನ್ನೆಲ್ಲ ತಿದ್ದುತ್ತೇವೆ. ಒಂದು ದಿನ ಪಂಚಾಯತಿಯವರು ಆ ಕೋಣೆಯನ್ನು ಮಹಿಳಾ ಸಂಘದ ರೊಟ್ಟಿ ಕೆಲಸಕ್ಕೆ ಕೊಟ್ಟು ಬಾಗಿಲಿಗೆ ನೋಟಿಸು ಅಂಟಿಸಿದರು. ನಮ್ಮನ್ನು ಒಂದು ಮಾತೂ ಕೇಳಲಿಲ್ಲ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಆ ಕೋಣೆ ಹೋದರೆ ಮುಂಜಾನೆ ಎದ್ದು ನಾನು ಹೋಗುವುದಾದರೂ ಎಲ್ಲಿಗೆ? ಧಾರವಾಡದ ಹೈಕೋರ್ಟ್ ಪೀಠದಲ್ಲಿ ರಿಟ್ ಅರ್ಜಿ ಹಾಕಿಯೇಬಿಟ್ಟೆ.

ರಿಟ್ ಹಾಕಿದ್ದೇ ತಡ, ಊರೆಲ್ಲ ಕಾನೂನು ಪಂಡಿತರು. ಒಬ್ಬರು ಸವದತ್ತಿ ಎಲ್ಲಮ್ಮನಿಗೆ ಹರಕೆ ಹೊರಲು ಹೇಳಿದರು. ಇನ್ನೊಬ್ಬರು ಕೋರ್ಟಿನ ಕೆಲಸಕ್ಕೆ ಸಿರಸಂಗಿ ಕಾಳಿಕಾದೇವಿಯೇ ವಾಸಿ ಎಂದರು. ರಾಮದುರ್ಗದ ನಮ್ಮ ಬೀಗರು ಫೋನಿನಲ್ಲಿ, "ಜಡ್ಜ್ ಸಾಹೇಬ್ರಿಗೆ ನಮ್ಮ ಕಡೀ ಮಂದಿ ಅಂದ್ರ ಭಾಳ ಪ್ರೀತಿ ಅಂತ್ರಿ. ಬರೇ ಕೈಲೆ ಹೋಗಬ್ಯಾಡ್ರಿ," ಎಂದರು. ಜಡ್ಜ್ ಯಾರೆಂದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಆದರೂ ಧಾರವಾಡದಲ್ಲಿ ಇಳಿದೊಡನೆ ಪೇಢೆ ಕೊಂಡೆ. ಶಾಲೆಯ ತಪಾಸಣೆಗೆ ಬಂದ ಸಾಹೇಬರಿಗೆಲ್ಲ ವರ್ಷಾನುಗಟ್ಟಲೆ ಚಹಾ-ಫರಾಳ ಮಾಡಿಸಿದ ಕೈ ಇದು, ಸುಮ್ಮನಿರುತ್ತದೆಯೇ?

ನಮ್ಮ ವಕೀಲ ದಸ್ತಗೀರ ಸಾಹೇಬರು ಡಬ್ಬಿ ನೋಡಿ ಹೌಹಾರಿದರು.

"ಮಾಸ್ತರ, ಮೊದಲ ಇದನ್ನ ಚೀಲದಾಗ ಇಡ್ರಿ! ಇಲ್ಲಿ ಯಾರ ವಶೀಲಿನೂ ನಡ್ಯಾಂಗಿಲ್ಲ. ಕೋಣಿ ಯಾರಿಗೆ ಕೊಟ್ರ ಛಲೋ ಅಂತ ಕೋರ್ಟ್ ನೋಡಾಂಗಿಲ್ಲ. ಕೊಡೂ ಮುಂದ ನಿಮ್ಮನ್ನ ಕೇಳಿದ್ರೋ ಇಲ್ಲೋ, ಅಷ್ಟ ನೋಡತೈತಿ."

ನ್ಯಾಯಾಂಗ ವಿಮರ್ಶೆ ಎಂಬ ದೊಡ್ಡ ಮಾತಿನ ಸಾರ ಇಷ್ಟೇ ಎಂದು ಗಣಿತದ ಮಾಸ್ತರನಾದ ನನಗೆ ಮೊದಲೇ ಹೊಳೆಯಬೇಕಿತ್ತು. ಉತ್ತರ ಸರಿಯಿದ್ದರೂ ಲೆಕ್ಕ ಬಿಡಿಸಿದ ರೀತಿ ತೋರಿಸದ ಹುಡುಗರಿಗೆ ನಾನೂ ಅಂಕ ಕೊಡುತ್ತಿರಲಿಲ್ಲ.

ವಿಚಾರಣೆ ಶುರುವಾದಾಗ, ಓದಿನ ಮಹಿಮೆಯ ಬಗ್ಗೆ ನಾನು ಬರೆದುಕೊಟ್ಟಿದ್ದ ನಾಲ್ಕು ಪುಟಗಳನ್ನು ಯಾರೂ ತೆರೆಯಲಿಲ್ಲ. "ಇವರನ್ನು ಕೇಳಿದಿರಾ?" ಎಂದು ನ್ಯಾಯಮೂರ್ತಿಗಳು ಪಂಚಾಯತಿಯ ವಕೀಲರನ್ನು ಕೇಳಿದರು. ಅವರು ಫೈಲು ತಿರುವಿದರು, ಮತ್ತೆ ತಿರುವಿದರು. ಆದೇಶ ರದ್ದಾಯಿತು, ಎಲ್ಲರ ಮಾತು ಕೇಳಿ ಹೊಸದಾಗಿ ತೀರ್ಮಾನಿಸಿ ಎಂದು ವಿಷಯ ಪಂಚಾಯತಿಗೇ ಮರಳಿತು. ಗೆದ್ದೆನೋ ಇಲ್ಲವೋ ತಿಳಿಯದಿದ್ದರೂ ಗೆದ್ದವನ ಗತ್ತಿನಲ್ಲೇ ಮನೆ ಸೇರಿದೆ.

ನನ್ನ ಹೆಂಡತಿ ಶಾಂತವ್ವ ಎಲ್ಲವನ್ನೂ ಸಮಾಧಾನದಿಂದ ಕೇಳಿದಳು.

"ಛಲೋ ಆತು. ನಿಮ್ಮನ್ನ ಕೇಳಲಿಲ್ಲಂತ ಕೋರ್ಟಿಗೆ ಹೋದ್ರಿ. ಹೋಗೂ ಮುಂದ ನೀವು ನನ್ನ ಕೇಳಿದ್ರೇನು? ಆ ರೊಟ್ಟಿ ಸಂಘದಾಗ ನಾನೂ ಅದೇನಿ."

ದಿನಕ್ಕೆ ನಾಲ್ಕು ಪತ್ರಿಕೆ ಓದುವ ನನಗೆ ಮನೆಯ ಸುದ್ದಿಯೇ ಗೊತ್ತಿರಲಿಲ್ಲ! ನಿಜಕ್ಕೂ ನಾಚಿಕೆಯಾಯಿತು. ಚೀಲದಿಂದ ಪೇಢೆಯ ಡಬ್ಬಿಯನ್ನು ತೆಗೆದು ಅವಳ ಮುಂದಿಟ್ಟೆ. ಒಂದು ಬಾಯಿಗೆ ಹಾಕಿಕೊಂಡು, "ಪೇಢೆ ಛಲೋ ಅದ. ಆದ್ರ ನನ್ನ ಮಾತು ನಾ ಪಂಚಾಯತ್ಯಾಗ ಹೇಳಾಕಿನ," ಎಂದಳು.

ಹೇಳಿದಳು. ನಾನೂ ಹೇಳಿದೆ. ಈಗ ಆ ಕೋಣೆಯಲ್ಲಿ ಒಂಬತ್ತು ಗಂಟೆಯವರೆಗೆ ಪತ್ರಿಕೆ, ಆಮೇಲೆ ರೊಟ್ಟಿ. ನಾವು ಮಾಸ್ತರರು ಏನಾದರೂ ನೆಪ ತೆಗೆದು ಮೊದಲ ರೊಟ್ಟಿ ಬೇಯುವ ತನಕ ಅಲ್ಲೇ ಕುಳಿತಿರುತ್ತೇವೆ.

ಅಂದಿನಿಂದ ನಾನು ಏನು ಮಾಡುವುದಿದ್ದರೂ ಅವಳನ್ನು ಕೇಳುತ್ತೇನೆ. ಇದನ್ನು ಬರೆಯುವ ಮುಂಚೆಯೂ ಕೇಳಿದೆ. ಪೇಢೆಯ ವಿಷಯವೊಂದನ್ನು ಬಿಟ್ಟುಬಿಡೋಣ ಎಂದು ಬಹಳ ವಾದಿಸಿದೆ. ಅದು ಮೊದಲ ಸಾಲಿನಲ್ಲೇ ಬರಬೇಕೆಂದು ತೀರ್ಪಾಯಿತು.